ಪಾದಯಾತ್ರಿ ಮಂದಿಗೆ ಉಪ್ಪಿಟ್ಟು ಸಾಕಾಗೇತಿ, ಸಂಡಾಸ ಸಾಲವಲ್ದು

ಭಾರತ ಹುಣ್ಣಿಮಿ ಹತ್ರ ಬಂತಂದ್ರ ನನ್ನ ವಾಟ್ಸಾಪ್‌ಗೆ ಒಂದೇ ನಮೂನಿ ಮೆಸೇಜ್ ಶುರು. "ಅಣ್ಣಾರ, ಈ ಸಲ ಉಳವಿಗೆ ಹೋಗೋ ಮಂದಿಗೆ ನಮ್ಮ ಗೆಳೆಯರ ಬಳಗದಿಂದ ಉಪ್ಪಿಟ್ಟು ಶಿರಾ ಮಾಡೋಣಂತೀವಿ, ಪೆಂಡಾಲ್ ಎಲ್ಲಿ ಹಾಕೋಣ?" ಚಲೋ ವಿಚಾರ, ಬ್ಯಾಡ ಅನ್ನಾಕ ನಾ ಯಾರು. ಆದ್ರ ಹಳಿಯಾಳ ರಸ್ತಾದಾಗ ಪಾದಯಾತ್ರಿಗಳು ರಾತ್ರಿ ಇಳಕೊಳ್ಳೋ ಒಂದು ಜಾಗಾದಾಗ ಸೇವಾಕ್ಕ ನಿಲ್ಲೋ ಮನಷ್ಯಾ ನಾನು, ಇವತ್ತ ಸ್ವಲ್ಪ ಖಾರ ಆಗಿ ಬರೀತೀನಿ, ಸಿಟ್ಟಾಗಬ್ಯಾಡ್ರಿ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಉಳವಿ ಇರೋದು ಜೋಯಿಡಾ ತಾಲೂಕಿನ ಕಾಡಿನಾಗ, ಅಕ್ಕ ನಾಗಮ್ಮನ ಮಗ ಚನ್ನಬಸವಣ್ಣನವರ ಸಮಾಧಿ ಅಲ್ಲೈತಿ, ಭಾರತ ಹುಣ್ಣಿಮಿ ಸುತ್ತ ಅಲ್ಲಿ ಜಾತ್ರಿ. 12ನೇ ಶತಮಾನದಾಗ ಕಲ್ಯಾಣದೊಳಗ ಗದ್ದಲ ಎದ್ದ ಮ್ಯಾಲ ಶರಣರು ವಚನದ ಕಟ್ಟು ಹೊತ್ಕೊಂಡು ಈ ಕಡೆ ಬಂದ್ರು ಅಂತ ನಮ್ಮ ಮಂದಿ ನಂಬಿಕಿ. ಧಾರವಾಡ, ಬೆಳಗಾವಿ, ಗದಗ, ಹಾವೇರಿ ಕಡಿಂದ ಚಕ್ಕಡಿ ಹೂಡ್ಕೊಂಡು ಹೋಗೋರದಾರ, ಬರೇ ಕಾಲ ಮ್ಯಾಲ ಹೋಗೋರೂ ಅದಾರ. ಹಳಿಯಾಳ, ದಾಂಡೇಲಿ, ಜೋಯಿಡಾ ಹಿಡದು ಹ್ವಾದ್ರ ದಿನಗಟ್ಟಲೆ ನಡಿಗಿ. ಹಗಲಿ ಡಾಂಬರ ಸುಡತೈತಿ, ರಾತ್ರಿ ಥಂಡಿ ಹೊಡಿತೈತಿ.

ಈಗ ನೋಡ್ರಿ, ಈ ರಸ್ತಾದಾಗ ಅನ್ನಕ್ಕ ಕೊರತಿ ಇಲ್ಲ. ದಾಸೋಹ ನಮ್ಮ ರಕ್ತದಾಗ ಐತಿ. ಒಂದ ಪೆಂಡಾಲ್‌ನ್ಯಾಗ ಗೋಧಿ ಹುಗ್ಗಿ, ಅದರ ಮುಂದ ಚಹಾ ಬಿಸ್ಕೀಟು, ಮುಂದ ಮಜ್ಜಿಗಿ, ಅದರ ಮುಂದ ಮತ್ತ ಉಪ್ಪಿಟ್ಟು. ಪಾಪ ನಡಿಯೋ ಮಂದಿ ಒಲ್ಲೆ ಅಂದ್ರ ಬೇಜಾರಾಗ್ತಾರಂತ ಎಲ್ಲಾ ಕಡೆ ಕೈಯೊಡ್ಡಿ ಇಸ್ಕೊಂತಾರ, ಆಮ್ಯಾಲ ಅದೆಲ್ಲಾ ಎಲ್ಲಿಗೆ ಹೋಗ್ಬೇಕು ಹೇಳ್ರಿ? ಒಂದು ಕಲ್ಯಾಣ ಮಂಟಪ, ಮೂರ್ನಾಲ್ಕು ನೂರು ಮಂದಿ, ಎರಡು ಸಂಡಾಸ, ಅದ್ರಾಗೊಂದರ ಚಿಲಕ ಇಲ್ಲ. ಗಂಡಸರು ಹೊಲಕ್ಕ ಹೋಗ್ತಾರ. ಹೆಣ್ಮಕ್ಕಳು? ಎಷ್ಟೋ ಮಂದಿ ಅವ್ವಂದಿರು ಸಂಡಾಸಕ್ಕ ಹೋಗೂದು ಆಗಬಾರದಂತ ಮಧ್ಯಾಹ್ನದಿಂದ ನೀರ ಕುಡಿಯೂದಿಲ್ಲ, ಅಂಥಾ ಬಿಸಲಾಗ! ನೀವು ಬಾಟ್ಲಿ ನೀರು ಹಂಚಿ ಫೋಟೋ ಹಾಕ್ತೀರಿ, ಅವರು ಆ ಬಾಟ್ಲಿ ಚೀಲದಾಗ ಇಟ್ಕೊಂಡು ಬಾಯಿ ಒಣಗಿಸ್ಕೊಂಡು ನಡೀತಾರ.

ಹಂಗಂತ ಇದು ಬರೇ ರೊಕ್ಕದ ಮಾತಲ್ಲ. ಕಟ್ಟಡ ಇದ್ದಲ್ಲೂ ಅದನ್ನ ನೋಡ್ಕೊಳ್ಳೋ ಮನಷ್ಯಾ ಇರೂದಿಲ್ಲ. ಊಟಕ್ಕ ಬಡಸೋರು ಐವತ್ತು ಮಂದಿ, ರಾತ್ರಿ ಹತ್ತಾದ ಮ್ಯಾಲ ಎಲ್ಲಾರೂ ಬೈಕ್ ಹತ್ತಿ ಮನಿಗೆ. ಖರೇ ಕೆಲಸ ಶುರು ಆಗೋದ ಆವಾಗ. ಟಾಕಿ ನೀರು ಖಾಲಿ ಆಗ್ತೈತಿ, ಕರೆಂಟ್ ಹೋಗ್ತೈತಿ, ಯಾರೋ ಒಬ್ಬಾವ ನಟ್ಟ ನಡರಾತ್ರಿ ಜೋರಾಗಿ ಭಜನಿ ಹಚ್ತಾನ, ಒಂದ ಎಕ್ಸ್‌ಟೆನ್ಷನ್ ಬೋರ್ಡಿಗೆ ಇಪ್ಪತ್ತು ಮೊಬೈಲು ಸಿಗಿಸಿ ಜಗಳ, ಮುಂಜಾನೆ ನಾಕಕ್ಕ ಎದ್ದು ಕತ್ತಲಾಗ ಎಲ್ಲಾರೂ ಚಪ್ಪಲ್ ಹುಡುಕೂದು. ಅಲ್ಲಿ ಒಬ್ಬಾವರ ಬ್ಯಾಟರಿ ಹಿಡ್ಕೊಂಡು ಎಚ್ಚರ ಇರಬೇಕು. ಯಜಮಾನಕಿ ಮಾಡಾಕ ಅಲ್ಲ, ಕಸಬರಿಗಿ ಹಿಡ್ಯಾಕ.

ಕಾಲಿನ ವಿಷಯ ಅಂತೂ ಕೇಳಬ್ಯಾಡ್ರಿ. ಸಂಜಿಮುಂದ ಬಂದು ಕುಂತ ಮಂದಿ ಪಾದ ನೋಡ್ಬೇಕು, ಗುಳ್ಳಿ ಎದ್ದು ಒಡದು ಸಾಕ್ಸ್ ಅಲ್ಲೇ ಅಂಟಿರ್ತಾವ. ಸೇವಾ ಮಾಡ್ತೀನಂತ ಬಂದ ಹುಡುಗೂರು ಸೂಜಿ ದಾರ ತಗೊಂಡು ಗುಳ್ಳಿಯೊಳಗ ದಾರ ಪೋಣಿಸಿ ಹಂಗ ಬಿಡ್ತಾರ. ಬ್ಯಾಡ್ರಪಾ! ಆ ದಾರ ಹಿಡದ ಹೊಲಸು ಒಳಗ ಹೋಗ್ತೈತಿ. ಸಬಕಾರ ಹಚ್ಚಿ ತೊಳದು, ಒರಸಿ, ಮ್ಯಾಲಿನ ಚರ್ಮಾ ಕೀಳದ ಹಂಗ ಬಿಟ್ಟು, ಸ್ವಚ್ಛ ಪಟ್ಟಿ ಕಟ್ರಿ ಸಾಕು. ಮೊದಲ "ಶುಗರ್ ಐತೇನ್ರಿ" ಅಂತ ಕೇಳ್ರಿ. ಒಬ್ಬ ಅಜ್ಜಾರು ಆರಾಮ ಕುಂತು ಅಡಕಿ ಹೋಳು ಅಗಿತಿದ್ರು, "ನಂದೇನಿಲ್ಲಪಾ ತಮ್ಮಾ, ಆ ಹೆಣ್ಮಗಳಿಗೆ ನೋಡು" ಅಂದ್ರು. ಸುಮ್ನ ಅವರ ಹಿಮ್ಮಡ ಎತ್ತಿ ಬ್ಯಾಟರಿ ಬಿಟ್ಟು ನೋಡಿದ್ರ ಒಂದು ಜಾಲಿ ಮುಳ್ಳು ಮುರದು ಒಳಗ ಕುಂತೈತಿ, ಸುತ್ತ ಕೆಂಪಗಾಗೇತಿ, ಅಜ್ಜಾರಿಗೆ ಗೊತ್ತ ಇಲ್ಲ. ಶುಗರ್ ಇದ್ದವರ ಕಾಲಿಗೆ ಸ್ಪರ್ಶ ಕಮ್ಮಿ ಆಗಿರ್ತೈತಿ, ನೋವು ಹೇಳೂದಿಲ್ಲ. ಅವರನ್ನ ಗಾಡಿ ಮ್ಯಾಲ ದವಾಖಾನಿಗೆ ಕಳಸಾಕ ಅರ್ಧಾ ತಾಸು ವಾದಾ ಮಾಡ್ಬೇಕಾತು, ಹರಕಿ ಮುರಿತೈತಂತ. ಚನ್ನಬಸವಣ್ಣ ನಿಮ್ಮ ಕಾಲು ಬೇಡಿಲ್ರೀ ಅಜ್ಜಾರ ಅಂದಾಗ ನಕ್ಕು ಎದ್ರು.

ನಮ್ಮ ಅಕ್ಕನ ಮಗಳು ಸ್ಪೇನ್ ದೇಶದಾಗ ಕಮಿನೊ ಅಂತ ಒಂದು ಪಾದಯಾತ್ರಾ ಮಾಡಿ ಬಂದಾಳ, ಸಾಂತಿಯಾಗೊ ಅನ್ನೋ ಊರಿನ ದೊಡ್ಡ ಚರ್ಚಿಗೆ. ಫ್ರಾನ್ಸ್ ಗಡಿಯಿಂದ ಹಿಡದ್ರ ಸುಮಾರು 800 ಕಿಲೋಮೀಟರ್. ದಾರಿಗುಂಟ ಪಾದಯಾತ್ರಿಗಳಿಗಂತನ ವಸತಿ, ಕೆಲವು ಕಡೆ ದರಾ ಇಲ್ಲ, ಒಂದು ಡಬ್ಬಿ ಇಟ್ಟಿರ್ತಾರ, ಮನಸ್ಸಿಗೆ ಬಂದಷ್ಟು ಹಾಕೂದು. ನೋಡ್ಕೊಳ್ಳೋರು ಸ್ವಯಂಸೇವಕರು, ಎರಡು ವಾರ ಅಲ್ಲೇ ಇದ್ದು ಕಸಾ ಹೊಡದು, ಬಚ್ಚಲಾ ತೊಳದು, ಬಂದವರನ್ನ ಕುಂದ್ರಿಸಿ ಮಾತಾಡಿಸ್ತಾರಂತ. ಬೂಟು ಬಾಗಲ ಹತ್ರ, ರಾತ್ರಿ ಹತ್ತಕ್ಕ ಲೈಟ್ ಬಂದ್, ಮುಂಜಾನೆ ಎಂಟರೊಳಗ ಎಲ್ಲಾರೂ ಹೊರಗ. ಹಿಂಗ ಸೇವಾ ಮಾಡಬೇಕಂದ್ರ ಮೊದಲ ತಾವು ಆ ದಾರಿ ನಡದಿರಬೇಕು, ತರಬೇತಿ ತಗೋಬೇಕು. ಇದು ನನಗ ಭಾಳ ಹಿಡಿಸ್ತು. ಪರದೇಶದ್ದಂತ ಅಲ್ಲ, ನಡದವಗಷ್ಟ ಗೊತ್ತಿರ್ತೈತಿ ಬಂದ ಕೂಡ್ಲೆ ಮನಷ್ಯಾಗ ಭಾಷಣ ಬ್ಯಾಡ, ಕಾಲು ಚಾಚಾಕ ಗ್ವಾಡಿ ಬೇಕು ಅಂತ. ನಮ್ಮಲ್ಲಿ ಒಂದು ಕಡೆ ದಣದು ಬಂದ ಮಂದಿನ್ನ ಕುಂದ್ರಿಸಿ ದಾನಿಗಳ ಸನ್ಮಾನ ಮಾಡಿದ್ರು, ತಾಸಗಟ್ಟಲೆ, ಶಾಲು, ಹಾರ, ಮತ್ತ ಮೈಕು. ಹಿಂದ ಕುಂತ ಹುಡುಗಿ ಒಂದು ಕಂಬಕ್ಕ ಆತು ನಿದ್ದಿ ಹೊಡದಿತ್ತು, ಊಟಾ ಇಲ್ಲದ.

ಇನ್ನೊಂದು ಹೇಳಲೇಬೇಕು. ಮಲಗಾಕ ಜಾಗಾ ಕೊಡೂ ಮುಂದ ಕೆಲವರು ಕೇಳೋ ಪ್ರಶ್ನಿ: "ಯಾವೂರ್ರೀ? ಅಡ್ಡಹೆಸರೇನು?" ಅಡ್ಡಹೆಸರು ಯಾಕ ಕೇಳ್ತಾರಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳೂದು ಬ್ಯಾಡ. ಚನ್ನಬಸವಣ್ಣನವರ ಹತ್ರ ಹೊಂಟ ಮಂದಿಗೆ ಅವರ ಹೆಸರಿಲೇ ನಿಂತು ಜಾತಿ ಕೇಳ್ತೀರಂದ್ರ ನೀವು ಮನಿಯಾಗ ಇರೂದ ಚಲೋ. ನಮ್ಮ ರಜಿಸ್ಟರಿನ್ಯಾಗ ಹೆಸರು, ಊರು, ಮನಿಯವರ ಫೋನ್ ನಂಬರ್, ಔಷಧ ಏನರ ತಗೊತಾರೇನು, ಇಷ್ಟ ಕಾಲಮ್ಮು. ಮೊದಲು ಬಂದವರಿಗೆ ಗ್ವಾಡಿ ಬದಿ, ಬಾಣಂತಿ ಮುದುಕರಿಗೆ ಫ್ಯಾನಿನ ಕೆಳಗ, ಮುಗೀತು.

ಮತ್ತ ಪ್ಲಾಸ್ಟಿಕ್ಕು. ದಾಂಡೇಲಿ ದಾಟಿದ್ರ ಕಾಳಿ ಹುಲಿ ಸಂರಕ್ಷಿತ ಪ್ರದೇಶ, ನಾವು ಇಲ್ಲಿ ಕೊಟ್ಟ ಬಾಟ್ಲಿ, ದ್ರೋಣ ಅಲ್ಲಿ ಹೋಗಿ ಬೀಳ್ತಾವ. ಊರಿಂದ ಒಂದು ತಾಟು, ಒಂದು ಲೋಟಾ ತರ್ರಿ ಅಂದ್ರ ಮಂದಿ ತರ್ತಾರ, ಕೇಳಿ ನೋಡ್ರಿ. ಚಕ್ಕಡಿ ಹಿಂದ ರಿಫ್ಲೆಕ್ಟರ್ ಪಟ್ಟಿ ಹಚ್ಚೋ ಬಳಗ ಯಾವುದರ ಹುಟ್ಟಿದ್ರ ನಾ ಕಾಲಿಗೆ ಬೀಳ್ತೀನಿ, ಕತ್ತಲಾಗ ಲಾರಿ ಬರೋ ರಸ್ತಾ ಅದು. ಎತ್ತಿಗೆ ಒಂದು ನೀರಿನ ತೊಟ್ಟಿ, ಒಂದಿಷ್ಟು ಕಣಕಿ ಇಟ್ರ ಇನ್ನೂ ಚಲೋ.

ಈ ಸಲದ್ದು ಹೇಳ್ತೀನಿ. ಊಟದ ಪಾಳಿ ತುಂಬೇತಿ. ರಾತ್ರಿ ಹನ್ನೊಂದರಿಂದ ಮುಂಜಾನೆ ಐದರ ತನಕಾ ಖಾಲಿ ಐತಿ, ಅದ್ರಾಗೂ ಬಚ್ಚಲ ಕಡೆ ಇರಾಕ ಹೆಣ್ಮಕ್ಕಳು ಬೇಕಾಗ್ಯಾರ. ಬರೋರು ಇನ್‌ಬಾಕ್ಸ್‌ಗೆ ಬರ್ರಿ, ಬ್ಯಾಟರಿ ಮತ್ತ ಒಂದು ಚಾದರ ತರ್ರಿ. ನೀರಿನ ಟ್ಯಾಂಕರ್ ಖರ್ಚು ಯಾರರ ಹೊತ್ಕೊಂಡ್ರ ಅವರ ಫೋಟೋ ಇರೋ ಬ್ಯಾನರ್ ನಾನ ಸ್ವಂತ ಕಟ್ತೀನಿ, ಸಂಡಾಸದ ಬಾಗಲ ಮ್ಯಾಲ.