ಆಮ್ಲ ಹುಟ್ಟಿಸದ ಜನಕ

ಪಕ್ಕದ ಮನೆಯ ಹುಡುಗಿಯ ರಸಾಯನಶಾಸ್ತ್ರದ ಉತ್ತರಪತ್ರಿಕೆ ನೋಡಿದೆ. ಇಂಗ್ಲಿಷಿನಲ್ಲಿ ಸಲ್ಫರ್ ಎಂದು ಬರೆಯುವಾಗ ‘ಪಿಎಚ್’ ಬದಲು ‘ಎಫ್’ ಹಾಕಿದ್ದಾಳೆ. ಸುತ್ತ ಕೆಂಪು ಶಾಯಿ, ಅರ್ಧ ಅಂಕ ಖೋತಾ. ಎರಡು ಸಾಲು ಕೆಳಗೆ ಆಕ್ಸಿಜನ್. ಅದಕ್ಕೆ ಠೀವಿಯ ಸರಿ ಗುರುತು.

ಆಹಾ, ಎಂಥ ಕಟ್ಟುನಿಟ್ಟು! ಆಕ್ಸಿಜನ್ ಎಂದರೆ ಗ್ರೀಕ್ ಮೂಲದಲ್ಲಿ ಆಮ್ಲ ಹುಟ್ಟಿಸುವಂಥದ್ದು. ಆಮ್ಲಗಳಿಗೆಲ್ಲ ಇದೇ ಅಪ್ಪನೆಂದು ನಂಬಿ ಫ್ರೆಂಚ್ ರಸಾಯನಶಾಸ್ತ್ರಜ್ಞ ಲವಾಸಿಯೇ ಇಟ್ಟ ಹೆಸರು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದರ ಸುಳಿವೇ ಇಲ್ಲವೆಂದು 1810ರಲ್ಲಿ ಬ್ರಿಟಿಷ್ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿ ವಾದಿಸಿ ಗೆದ್ದ. ಪಿತೃತ್ವದ ದಾವೆ ಬಿದ್ದುಹೋಗಿ ಇನ್ನೂರು ವರ್ಷ ದಾಟಿದರೂ ಅಪ್ಪನ ಹೆಸರು ದಾಖಲೆಯಲ್ಲಿ ಭದ್ರವಾಗಿದೆ. ನಾವಂತೂ ಇನ್ನೂ ನಿಷ್ಠಾವಂತರು, ತಪ್ಪನ್ನೇ ಅಚ್ಚುಕಟ್ಟಾಗಿ ಅನುವಾದಿಸಿ ‘ಆಮ್ಲಜನಕ’ ಎಂದೆವು.

ಹೀಲಿಯಂ ಸೂರ್ಯನ ಬೆಳಕಿನಲ್ಲಿ ಮೊದಲು ಕಂಡಾಗ, ಲೋಹವಿರಬೇಕೆಂದು ಸೋಡಿಯಂನಂಥ ಲೋಹಗಳ ಹೆಸರಿಗಿರುವ ‘ಇಯಂ’ ಬಾಲ ಅಂಟಿಸಿದರು. 1895ರಲ್ಲಿ ಭೂಮಿಯ ಮೇಲೆ ಸಿಕ್ಕಿದ್ದು ಅನಿಲ. ಬಾಲ ಇನ್ನೂ ಅಲ್ಲಾಡುತ್ತಿದೆ.

ನನಗೆ ಪ್ರಿಯವಾದದ್ದು ಬೆಂಜೀನ್ ಎಂಬ ದ್ರವದ ಹೆಸರು. ಅರಬ್ಬರು ಒಂದು ಮರದ ಅಂಟನ್ನು ‘ಲುಬಾನ್ ಜಾವಿ’ ಎಂದರು, ಅಂದರೆ ಜಾವಾದ ಧೂಪ. ಬರುತ್ತಿದ್ದುದೇನೋ ಸುಮಾತ್ರಾದಿಂದ, ಇರಲಿ. ಯುರೋಪಿನವರು ಮೊದಲ ‘ಲು’ವನ್ನು ತಮ್ಮ ಭಾಷೆಯ, ಇಂಗ್ಲಿಷಿನ ‘ದಿ’ಯಂಥ ಉಪಪದವೆಂದು ತಿಳಿದು ಕತ್ತರಿಸಿ ಎಸೆದರು. ಉಳಿದ ತುಂಡು ಬೆಂಜೋಯಿನ್ ಆಯಿತು. ಅದರಿಂದ ಬಂದ ಆಮ್ಲವನ್ನು ಸುಣ್ಣದ ಜೊತೆ ಕಾಯಿಸಿದ ಜರ್ಮನ್ ರಸಾಯನಶಾಸ್ತ್ರಜ್ಞ ಮಿಚರ್ಲಿಖ್‌ಗೆ 1833ರಲ್ಲಿ ಬೆಂಜೀನ್ ದಕ್ಕಿತು. ಇವತ್ತು ಕ್ಯಾನ್ಸರ್ ತರುತ್ತದೆಂದು ಹೆದರಿಸುವ ದ್ರವಕ್ಕೆ ದೇವರ ಮುಂದಿನ ಹೊಗೆಯ ಹೆಸರು! ಆ ಧೂಪಕ್ಕೆ ಕನ್ನಡದಲ್ಲಿ ಸಾಂಬ್ರಾಣಿ ಎನ್ನುತ್ತೇವೆ. ಪೆದ್ದರನ್ನು ಬೈಯುವುದೂ ಅದೇ ಪದದಿಂದ. ಕಾಕತಾಳೀಯವಿರಬಹುದು.

ಇಷ್ಟೆಲ್ಲ ಎಡವಟ್ಟುಗಳಲ್ಲಿ ಒಂದನ್ನೂ ಮುಟ್ಟದೆ, 1990ರಲ್ಲಿ ರಸಾಯನಶಾಸ್ತ್ರಜ್ಞರ ಅಂತರರಾಷ್ಟ್ರೀಯ ಒಕ್ಕೂಟ ಘನವಾದ ತೀರ್ಮಾನ ಕೈಗೊಂಡಿತು. ಅಲ್ಯೂಮಿನಿಯಂನಲ್ಲಿ ಬ್ರಿಟಿಷರ ಹೆಚ್ಚುವರಿ ‘ಐ’ ಇರಲಿ, ಸಲ್ಫರ್‌ನಲ್ಲಿ ಅಮೆರಿಕನ್ನರ ‘ಎಫ್’ ಇರಲಿ. ಕೊಡುಕೊಳ್ಳುವಿಕೆ ಮುಗಿಯಿತು, ಆಕ್ಸಿಜನ್ ಹಾಗೆಯೇ ಉಳಿಯಿತು.

ಅಂದರೆ ಹುಡುಗಿ ಬರೆದದ್ದೇ ಸರಿ. ‘ಪಿಎಚ್’ ಗ್ರೀಕ್ ಪದಗಳ ಒಡವೆ, ಸಲ್ಫರ್ ಲ್ಯಾಟಿನ್ ಪದ. ಇದನ್ನು ತಿಳಿಯಲು ಐದು ನಿಮಿಷ ಸಾಕು; ತಿದ್ದಿದವರು ಆ ಐದು ನಿಮಿಷವನ್ನೂ ಕೊಡಲಿಲ್ಲ. ಗಂಧಕ ಉರಿದರೆ ಏನಾಗುತ್ತದೆ ಎಂದು ಅವಳು ಬರೆದ ಅರ್ಧ ಪುಟವನ್ನು ಓದಿದ ಗುರುತೂ ಇಲ್ಲ. ನನಗೆ ನಗು ಬರುತ್ತಿಲ್ಲ.

‘ಪಿಎಚ್’ ಹಾಕಿ ಐವತ್ತು ಸಲ ಬರೆದು ತರಬೇಕಂತೆ. ಬರೆಯುತ್ತಿದ್ದಾಳೆ. ಈಗ ಮೂವತ್ತೆರಡನೆಯದು.