ಶನಿವಾರ ಬಟ್ಟೆ ಹರವಬಾರದು

ಎರಡನೆಯ ಮಹಾಯುದ್ಧ ಮುಗಿದು ಊರಿಗೆ ಮರಳಿದ ಅಮೆರಿಕದ ಸೈನಿಕರಿಗೆ ಬಾಡಿಗೆಗೂ ಮನೆ ಸಿಗುವುದು ದುಸ್ತರವಾಗಿತ್ತು. ತಂದೆತಾಯಿಯರ ಅಥವಾ ಅತ್ತೆಮಾವಂದಿರ ಮನೆಯ ಒಂದು ಕೋಣೆಯಲ್ಲಿ ಹೆಂಡತಿ ಮಕ್ಕಳೊಡನೆ ದಿನ ದೂಡುತ್ತಿದ್ದ ಅಂಥವರಿಗಾಗಿ ಲೆವಿಟ್ ಆಂಡ್ ಸನ್ಸ್ ಕಂಪನಿಯು ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡಿನ ಆಲೂಗೆಡ್ಡೆ ಹೊಲಗಳಲ್ಲಿ 1947ರಲ್ಲಿ ಮನೆ ಕಟ್ಟಲು ತೊಡಗಿ, 1951ರ ಹೊತ್ತಿಗೆ 17,447 ಮನೆಗಳ ಲೆವಿಟ್‌ಟೌನ್ ಎಂಬ ಊರನ್ನೇ ಎಬ್ಬಿಸಿ ನಿಲ್ಲಿಸಿತು. ಈ ಊರಿನ ಕುರಿತು ದೊಡ್ಡ ದೊಡ್ಡ ಮಾತುಗಳನ್ನು ಆಡಿದವರು ಬಹಳ ಮಂದಿ ಇದ್ದಾರೆ. ನನ್ನ ಕುತೂಹಲ ಕೆರಳಿಸಿದ್ದು ಮಾತ್ರ ಅಲ್ಲಿನ ನಿಯಮಾವಳಿಯ ಒಂದು ಸಣ್ಣ ಕಟ್ಟಳೆ. ಅದರ ಪ್ರಕಾರ ಮಾಮೂಲಿ ಹಗ್ಗ ಕಟ್ಟಿ ಬಟ್ಟೆ ಒಣಹಾಕುವಂತಿರಲಿಲ್ಲ. ಬೇಕೆಂದಾಗ ಕಿತ್ತಿಡಬಹುದಾದ, ತಿರುಗುವ ಸ್ಟ್ಯಾಂಡಿನ ಮೇಲಷ್ಟೇ ಹರವಬೇಕಿತ್ತು. ಅದು ಕೂಡ ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ಸಲ್ಲದು.

ವಾರದ ಐದು ದಿನ ಯಾರ ಕಣ್ಣನ್ನೂ ಕುಕ್ಕದ ಬಟ್ಟೆ ಶನಿವಾರ ಬೆಳಗಾಗುತ್ತಲೇ ಊರಿನ ಅಂದ ಕೆಡಿಸುವುದಾದರೂ ಹೇಗೆ? ಶನಿವಾರ ಗಂಡಸರು ಮನೆಯಲ್ಲಿರುತ್ತಾರೆ, ನೆಂಟರು ಬರುತ್ತಾರೆ, ಮನೆ ಕೊಳ್ಳುವ ಆಸೆಯಿಂದ ನಗರದ ಸಂಸಾರಗಳು ಕಾರಿನಲ್ಲಿ ಬಂದು ಬೀದಿ ಬೀದಿ ಸುತ್ತುತ್ತವೆ ಎಂಬುದನ್ನು ನೆನೆದರೆ ಉತ್ತರ ತಾನೇ ಹೊಳೆಯುತ್ತದೆ. ನಿಯಮ ಬರೆದವರು ಕೂಸಿನ ಬಟ್ಟೆಯನ್ನು ತಮ್ಮ ಕೈಯಾರೆ ಒಗೆದವರಲ್ಲ ಎಂಬುದಂತೂ ನನ್ನ ಗಟ್ಟಿ ನಂಬಿಕೆ. ಶುಕ್ರವಾರ ರಾತ್ರಿ ಹೊಟ್ಟೆ ಕೆಟ್ಟ ಮಗು ಸೋಮವಾರದವರೆಗೆ ತಡೆದುಕೊಳ್ಳುತ್ತದೆಯೇ?

ವಿಚಿತ್ರವೆಂದರೆ, ಬಟ್ಟೆ ಅಂಗಳಕ್ಕೆ ಬರುವಂತೆ ಮಾಡಿದ್ದೂ ಅದೇ ಕಂಪನಿಯೇ. ಸುಮಾರು 750 ಚದರಡಿಯ ಆ ಮನೆಯ ಅಡುಗೆಮನೆಯಲ್ಲಿ ಬೆಂಡಿಕ್ಸ್ ಒಗೆಯುವ ಯಂತ್ರ ಮನೆಯ ಬೆಲೆಯಲ್ಲಿಯೇ ಸೇರಿ ಬರುತ್ತಿತ್ತು. ಒಣಗಿಸುವ ಯಂತ್ರ ಬರುತ್ತಿರಲಿಲ್ಲ. ಆ ಸೀಮೆಯ ಹಳೆಯ ಮನೆಗಳಲ್ಲಿ ನೆಲಮಾಳಿಗೆ ಇರುತ್ತಿದ್ದುದರಿಂದ ಮಳೆಗಾಲ, ಚಳಿಗಾಲ ಎನ್ನದೆ ಅಲ್ಲಿ ಹಗ್ಗ ಕಟ್ಟಿಕೊಳ್ಳಬಹುದಿತ್ತು. ಲೆವಿಟ್ ಕಂಪನಿ ಖರ್ಚು ಉಳಿಸಲು ನೆಲಮಾಳಿಗೆಯನ್ನೇ ಕೈಬಿಟ್ಟು, ನೆಲದ ಮೇಲೆ ನೇರವಾಗಿ ಕಾಂಕ್ರೀಟಿನ ಹಾಸು ಸುರಿದು, ಅದರೊಳಗೆ ಬಿಸಿನೀರಿನ ತಾಮ್ರದ ಕೊಳವೆಗಳನ್ನು ಹುದುಗಿಸಿ ಮನೆ ಕಟ್ಟಿತು. ಇದಕ್ಕೆ ಸ್ಥಳೀಯ ಕಟ್ಟಡ ನಿಯಮ ಅಡ್ಡ ಬಂದಾಗ ಮನೆಗಾಗಿ ಹಪಹಪಿಸುತ್ತಿದ್ದ ಮಾಜಿ ಸೈನಿಕರೇ ಮುಂದೆ ನಿಂತು ಅದನ್ನು ಬದಲಾಯಿಸಿದರು. ಹೀಗಾಗಿ ಜನವರಿಯ ಕೊರೆಯುವ ಚಳಿಯಲ್ಲಿಯೂ ಗೃಹಿಣಿ ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ಹೊರಗೇ ಬರಬೇಕಾಯಿತು. ಸೊನ್ನೆಗಿಂತ ಕೆಳಗಿನ ತಾಪಮಾನದಲ್ಲಿ ಹರವಿದ ಹಾಸುಬಟ್ಟೆ ಕೆಲವೇ ನಿಮಿಷಗಳಲ್ಲಿ ಬಿರುಸಾಗಿ ಹೆಪ್ಪುಗಟ್ಟುತ್ತದೆ. ಗಾಳಿ ಒಣದಾಗಿದ್ದರೆ ಆ ಮಂಜು ನೀರಾಗದೆ ನೇರವಾಗಿ ಆವಿಯಾಗುತ್ತ ಹೋಗಿ, ಸಂಜೆಯ ಹೊತ್ತಿಗೆ ಬಟ್ಟೆ ಬಹುಮಟ್ಟಿಗೆ ಒಣಗಿರುತ್ತದೆ. ಬಟ್ಟೆಯೇನೋ ಒಣಗುತ್ತದೆ, ಕ್ಲಿಪ್ಪು ತೆಗೆಯುವ ಬೆರಳುಗಳು ಮರಗಟ್ಟಿಹೋಗುತ್ತವೆ.

ಕಂಪನಿ ಒಪ್ಪಿದ ಸ್ಟ್ಯಾಂಡಿಗೆ ನಡುವೆ ಒಂದೇ ಕಂಬ. ಅದರ ತುದಿಯಿಂದ ಕೊಡೆಯ ಕಡ್ಡಿಗಳಂತೆ ಚಾಚಿದ ತೋಳುಗಳು, ತೋಳಿನಿಂದ ತೋಳಿಗೆ ಸುತ್ತು ಸುತ್ತಾಗಿ ಬಿಗಿದ ದಾರ. ನಿಂತ ಜಾಗದಿಂದ ಕದಲದೆ ಅದನ್ನೇ ತಿರುಗಿಸಿಕೊಳ್ಳುತ್ತ ಇಡೀ ಬುಟ್ಟಿ ಖಾಲಿ ಮಾಡಬಹುದು. ಮರ್ಯಾದೆಯ ದೃಷ್ಟಿಯಿಂದಲೂ ಇದರಲ್ಲಿ ಒಂದು ಅನುಕೂಲವಿದೆ: ಹೊರಸುತ್ತಿಗೆ ಹಾಸುಬಟ್ಟೆ, ಟವೆಲ್ಲುಗಳನ್ನು ಹಾಕಿ ಒಳಸುತ್ತಿಗೆ ಒಳಉಡುಪುಗಳನ್ನು ಹಾಕಿದರೆ ಊರ ಕಣ್ಣಿಗೆ ಕಾಣುವುದು ಹಾಸುಬಟ್ಟೆ ಮಾತ್ರ. ಆದರೆ ಬೇಲಿಯೇ ಇಲ್ಲದ ಕಡೆ ಮುಚ್ಚಿಡುವುದೆಷ್ಟನ್ನು? ಬೇಲಿ ಹಾಕುವುದನ್ನೂ ನಿಯಮ ನಿಷೇಧಿಸಿತ್ತು. ಸಾಲದ್ದಕ್ಕೆ 1949ರ ಮಾದರಿಯ ಮನೆಗಳಲ್ಲಿ ಹಜಾರವನ್ನು ಹಿಂಬದಿಗೆ ಸರಿಸಿ ಹಿತ್ತಿಲಿನತ್ತ ದೊಡ್ಡ ಗಾಜಿನ ಕಿಟಕಿಯನ್ನಿಟ್ಟರು. ನಿಮ್ಮ ಹಜಾರದಲ್ಲಿ ಕುಳಿತರೆ ಹಿಂದಿನ ಮನೆಯವರ ಬಟ್ಟೆ, ಅವರ ಹಜಾರದಲ್ಲಿ ಕುಳಿತರೆ ನಿಮ್ಮದು.

ಮನೆಗಳೆಲ್ಲ ಒಂದೇ ಅಚ್ಚಿನವಾಗಿದ್ದುದರಿಂದ ಒಳಗಿರುವವರು ಎಂಥವರೆಂದು ಗೋಡೆ ನೋಡಿ ತಿಳಿಯುವಂತಿರಲಿಲ್ಲ. ಅದನ್ನು ಹೇಳುತ್ತಿದ್ದುದು ಬಟ್ಟೆಯೇ. ಚೌಕಾಕಾರದ ಬಿಳಿ ಹತ್ತಿಬಟ್ಟೆಗಳು ಸಾಲಾಗಿ ತೂಗುತ್ತಿದ್ದರೆ ಕೂಸು ಬಂದಿದೆ ಎಂದರ್ಥ. ಬಳಸಿ ಎಸೆಯುವ ಪ್ಯಾಂಪರ್ಸ್ ಬಂದದ್ದು 1961ರಲ್ಲಿ. ಅದಕ್ಕೆ ಮುಂಚೆ ಒಗೆಯುವುದು, ಒಣಗಿಸುವುದು, ಮಡಿಸುವುದು, ಪಿನ್ನು ಚುಚ್ಚುವುದು ಇವಿಷ್ಟೂ ದಿನದ ಪಾಡಾಗಿತ್ತು. ಹೊಸ ಸಂಸಾರಗಳೇ ತುಂಬಿದ್ದ ಆ ಊರಿನಲ್ಲಿ ಅಂಥ ಬಟ್ಟೆಗೇನು ಬರ? ಇಸ್ತ್ರಿ ಕಾಣಬೇಕಾದ ಬಿಳಿ ಅಂಗಿಗಳಿದ್ದರೆ ಗಂಡ ಆಫೀಸಿನವನು, ಎಣ್ಣೆ ಕಲೆ ಬಿಡದ ದಪ್ಪ ಬಟ್ಟೆಯಿದ್ದರೆ ಕಾರ್ಖಾನೆಯವನು. ಮನೆಗೊಂದೇ ಕಾರು, ಅದನ್ನೂ ಗಂಡ ಬೆಳಿಗ್ಗೆಯೇ ಒಯ್ದಿರುತ್ತಿದ್ದನಾದ್ದರಿಂದ ಹೆಂಗಸರಿಗೆ ದೊರೆಯುತ್ತಿದ್ದ ಸಂಗವೆಂದರೆ ಅಕ್ಕಪಕ್ಕದವರದೇ. ಸೋಮವಾರ ಒಗೆಯುವ ದಿನವೆಂಬ ಹಳೆಯ ವಾಡಿಕೆಯೂ ಜೊತೆಗಿತ್ತು. ಎರಡು ಸ್ಟ್ಯಾಂಡುಗಳ ನಡುವೆ ನಿಂತು ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡೇ ಮಗುವಿನ ಹಲ್ಲಿನ ವಿಷಯ, ಮಾಂಸದ ಬೆಲೆ, ಪೋಲಿಯೋದ ಭಯ ಎಲ್ಲವನ್ನೂ ಮಾತಾಡಿ ಮುಗಿಸಬಹುದಿತ್ತು.

ಆ ಮಾತುಕತೆಗೆ ಎಲ್ಲರಿಗೂ ಪ್ರವೇಶವಿರಲಿಲ್ಲ ಎಂಬುದನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಆರಂಭದ ಬಾಡಿಗೆ ಕರಾರಿನಲ್ಲಿ ಬಿಳಿಯರಲ್ಲದ ಯಾರೂ ಈ ಮನೆಗಳಲ್ಲಿ ವಾಸಿಸಕೂಡದೆಂಬ ಕಲಮಿತ್ತು. ಮನೆಗೆಲಸದವರಿಗೆ ಮಾತ್ರ ವಿನಾಯಿತಿ. ಅಂದರೆ ಕಪ್ಪು ಹೆಂಗಸೊಬ್ಬಳು ಈ ಸ್ಟ್ಯಾಂಡಿನ ಮೇಲೆ ಯಜಮಾನಿಯ ಹಾಸುಬಟ್ಟೆಯನ್ನು ಹರವಬಹುದಿತ್ತು, ಇಲ್ಲಿ ಸ್ವಂತ ಮನೆ ಮಾಡಿ ತನ್ನದನ್ನು ಹರವುವಂತಿರಲಿಲ್ಲ. ಇಂಥ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 1948ರಲ್ಲಿ ತೀರ್ಪಿತ್ತ ಬಳಿಕವೂ ಕಂಪನಿಯ ಪದ್ಧತಿ ಬದಲಾಗಲಿಲ್ಲ. 1957ರ ಆಗಸ್ಟಿನಲ್ಲಿ ಅದೇ ಕಂಪನಿ ಪೆನ್ಸಿಲ್ವೇನಿಯಾದಲ್ಲಿ ಕಟ್ಟಿದ ಇನ್ನೊಂದು ಲೆವಿಟ್‌ಟೌನಿಗೆ ವಿಲಿಯಂ ಮತ್ತು ಡೇಸಿ ಮೈಯರ್ಸ್ ಎಂಬ ಕಪ್ಪು ದಂಪತಿ ಮಕ್ಕಳೊಡನೆ ಬಂದಾಗ ಗುಂಪು ಸೇರಿ ಕಲ್ಲೆಸೆದವರು ನೆರೆಹೊರೆಯವರೇ. ಬಟ್ಟೆಯಿಂದ ಊರಿನ ಅಂದ ಕೆಡುತ್ತದೆಂದು ಅಷ್ಟು ಯೋಚಿಸಿದವರಿಗೆ ಇದರಿಂದ ಕೆಡುವ ಅಂದ ಹೊಳೆಯಲಿಲ್ಲ.

ಹಗ್ಗದ ನಿಯಮವನ್ನು ಕೊನೆಗೆ ಅನಗತ್ಯವಾಗಿಸಿದ್ದು ಒಣಗಿಸುವ ಯಂತ್ರ. ಮನೆಗಳನ್ನು ಹಿಗ್ಗಿಸಿಕೊಂಡ ಹಾಗೆಲ್ಲ ಅದಕ್ಕೊಂದು ಮೂಲೆ ದೊರೆಯಿತು, ನಿಷೇಧವಿದ್ದ ಬೇಲಿಗಳೂ ಒಂದೊಂದಾಗಿ ಎದ್ದವು. ಅಷ್ಟರೊಳಗೆ ಹೆಂಗಸರು ಕಲೆಯಲು ಬೇರೆ ನೆಪಗಳೂ ಹುಟ್ಟಿಕೊಂಡಿದ್ದವು. 1951ರಲ್ಲಿ ಟಪ್ಪರ್‌ವೇರ್ ಡಬ್ಬಿಗಳನ್ನು ಅಂಗಡಿಗಳಿಂದ ಹಿಂತೆಗೆದು ಮನೆಮನೆಯ ಪಾರ್ಟಿಗಳಲ್ಲಿಯೇ ಮಾರತೊಡಗಿದರು. ಅದಕ್ಕಾಗಿ ಮನೆ ಗುಡಿಸಬೇಕು, ಒಳ್ಳೆಯ ಉಡುಪು ತೊಡಬೇಕು, ತಿನ್ನಲು ಏನಾದರೂ ಮಾಡಿಡಬೇಕು, ಬಂದವರು ಸಂಕೋಚಕ್ಕಾದರೂ ಒಂದು ಡಬ್ಬಿ ಕೊಳ್ಳಬೇಕು. ಸ್ಟ್ಯಾಂಡಿನ ಬಳಿ ಇದಾವುದರ ಗೊಡವೆಯೂ ಇರಲಿಲ್ಲ. ಬುಟ್ಟಿ ಖಾಲಿಯಾದ ಕೂಡಲೇ ಮಾತು ನಿಲ್ಲಿಸಿ ಒಳಗೆ ಹೋದರೂ ಯಾರೂ ತಪ್ಪು ತಿಳಿಯುತ್ತಿರಲಿಲ್ಲ.