ಸೀರೆ ಮಡಿಕೆಯೊಳಗಿನ ರಿಪೋರ್ಟ್

ಹೋದ ವರ್ಷ ರಜೆಗೆ ಮಂಡ್ಯಕ್ಕೆ ಬಂದಿದ್ದಾಗ ಅತ್ತಿಗೆ ನನ್ನನ್ನು ರೂಮಿಗೆ ಕರೆದು ಬಾಗಿಲು ಹಾಕಿಕೊಂಡರು. ಬೀರು ತೆಗೆದು, ರೇಷ್ಮೆ ಸೀರೆಯ ಮಡಿಕೆಯೊಳಗಿಂದ ಒಂದು ಕವರ್ ಎಳೆದರು. "ಏನ್ ಬರ್ದವ್ರೆ ನೋಡವ್ವ, ನಿಮ್ಮಣ್ಣಂಗೂ ಹೇಳಿಲ್ಲ" ಅಂದರು.

ಮೂರು ತಿಂಗಳ ಹಿಂದಿನ ಪ್ಯಾಪ್ ಸ್ಮಿಯರ್ ರಿಪೋರ್ಟ್ ಅದು. ಗರ್ಭಕೊರಳಿನಿಂದ, ಅಂದರೆ ಗರ್ಭಕೋಶದ ಬಾಯಿಂದ, ಜೀವಕೋಶ ತೆಗೆದು ನೋಡುವ ಪರೀಕ್ಷೆ. ಇದ್ದದ್ದು ಎರಡೇ ಮಾತು. ಜೀವಕೋಶಗಳಲ್ಲಿ ಕ್ಯಾನ್ಸರ್ ಆಗಲಿ, ಅದಕ್ಕೆ ಮುಂಚಿನ ಬದಲಾವಣೆಯಾಗಲಿ ಕಂಡಿಲ್ಲ. ಇನ್ನೊಂದು, 'ಶಿಫ್ಟ್ ಇನ್ ಫ್ಲೋರಾ'. ಯೋನಿಯಲ್ಲಿ ಸಹಜವಾಗಿ ಇರಬೇಕಾದ ಬ್ಯಾಕ್ಟೀರಿಯಾ ಕಮ್ಮಿಯಾಗಿ ಬೇರೆಯವು ಜಾಸ್ತಿಯಾಗಿವೆ ಅಂತ ಅರ್ಥ. ಅತ್ತಿಗೆ ಎರಡನೆಯದನ್ನೇ ಕ್ಯಾನ್ಸರ್ ಅಂದುಕೊಂಡು ಮೂರು ತಿಂಗಳು ನಿದ್ದೆಗೆಟ್ಟಿದ್ದರು. ತೋರಿಸಿದ ಕಡೆ "ಮಕ್ಕಳಾಗಿದೆಯಲ್ಲ, ಗರ್ಭಕೋಶ ತೆಗೆಸಿಬಿಡಿ" ಅಂದಿದ್ದರಂತೆ. ಕೇಳಿ ನನಗೆ ಹೊಟ್ಟೆ ಉರಿಯಿತು. ಬಿಳಿ ಮುಟ್ಟಿಗೆ ಗರ್ಭಕೋಶ ಕಳೆದುಕೊಳ್ಳಬೇಕಾ?

ನಾನಿರುವುದು ಮೆಲ್ಬರ್ನ್‌ನಲ್ಲಿ. ಆಸ್ಟ್ರೇಲಿಯಾದಲ್ಲಿ 2017ರ ಡಿಸೆಂಬರ್‌ನಿಂದ ಪ್ಯಾಪ್ ಬದಲು, ಗರ್ಭಕೊರಳಿನ ಕ್ಯಾನ್ಸರ್ ತರಬಲ್ಲ ಎಚ್‌ಪಿವಿ ವೈರಸ್ಸನ್ನೇ ಮೊದಲು ಹುಡುಕುತ್ತಾರೆ. 25ರಿಂದ 74 ವರ್ಷದವರಿಗೆ, 5 ವರ್ಷಕ್ಕೊಮ್ಮೆ. ದಿನ ಹತ್ತಿರ ಬಂದಾಗ ಮನೆಗೆ ಕಾಗದ ಬರುತ್ತದೆ. ಅದನ್ನು ನಾನು ಫ್ರಿಡ್ಜ್ ಬಾಗಿಲಿಗೆ ಅಂಟಿಸಿರುತ್ತೇನೆ, ಯಾರು ನೋಡಿದರೂ ನಾಚಿಕೆಯಿಲ್ಲ. 2022ರ ಜುಲೈನಿಂದ ಮಾದರಿಯನ್ನು ನಾವೇ ತೆಗೆದುಕೊಡಬಹುದು. ಕ್ಲಿನಿಕ್ಕಿನಲ್ಲೇ ಪರದೆ ಹಿಂದೆ ಹೋಗಿ, ಉದ್ದ ಕಡ್ಡಿಯನ್ನು ಒಳಗೆ ಒಂದಿಷ್ಟು ತಿರುಗಿಸಿ, ಡಬ್ಬಿಗೆ ಹಾಕಿ ಮುಚ್ಚಿದರೆ ಮುಗಿಯಿತು.

ನನಗೂ ಒಮ್ಮೆ ಎಚ್‌ಪಿವಿ ಇದೆ ಅಂತ ಬಂತು. ಕೈಕಾಲು ತಣ್ಣಗಾಯಿತು. ನರ್ಸ್ ಕೂರಿಸಿಕೊಂಡು ಹೇಳಿದರು: ಇದು 16 ಅಥವಾ 18ನೇ ಬಗೆಯದ್ದಲ್ಲ. ಗರ್ಭಕೊರಳಿನ ಕ್ಯಾನ್ಸರ್‌ಗಳಲ್ಲಿ ಸುಮಾರು 70 ಪರ್ಸೆಂಟ್ ಆ ಎರಡರಿಂದಲೇ ಬರುವುದು. ಹೆಚ್ಚಿನವರಲ್ಲಿ ವೈರಸ್ ಎರಡು ವರ್ಷದೊಳಗೆ ತಾನಾಗಿಯೇ ಹೋಗುತ್ತದೆ. ಅದು ವರ್ಷಗಟ್ಟಲೆ ಉಳಿದುಕೊಂಡರೆ ಮಾತ್ರ ತೊಂದರೆ. ಸ್ಮಿಯರ್ ಕೂಡ ನೋಡಿದ ಮೇಲೆ, ವರ್ಷ ಬಿಟ್ಟು ಬನ್ನಿ ಅಂದರು. ವರ್ಷದ ನಂತರ ವೈರಸ್ ಇರಲಿಲ್ಲ.

ಅತ್ತಿಗೆಗೂ ಹೀಗೇ ಕೂತು ಹೇಳಿದೆ. ಮೊಸರಿನ ಮಾತಿನಿಂದಲೇ ಶುರು ಮಾಡಿದೆ. ಹಾಲಿಗೆ ಹೆಪ್ಪು ಹಾಕಿದರೆ ಹುಳಿ ಆಗುತ್ತಲ್ಲ, ಅದೇ ಕುಲದ ಲ್ಯಾಕ್ಟೋಬ್ಯಾಸಿಲಸ್ ನಮ್ಮೊಳಗೂ ಇರುತ್ತೆ, ಒಳಗನ್ನು ಹುಳಿಯಾಗಿ ಇಡುತ್ತೆ. ಆ ಹುಳಿ ಇದ್ದರೆ ಬೇರೆಯವು ತಲೆಯೆತ್ತಲ್ಲ. (ಹಾಗಂತ ಮೊಸರು ಹಚ್ಚಬಾರದು. ಅದೂ ಹೇಳಿದೆ, ಯಾಕೆಂದರೆ ಯಾರೋ ಹೇಳಿಯೇ ಇರುತ್ತಾರೆ.) ಹುಳಿ ಕಮ್ಮಿಯಾದಾಗ ತೆಳು ಬೂದು ಬಣ್ಣದ ಸ್ರಾವ, ಮೀನಿನಂಥ ವಾಸನೆ. ಅತ್ತಿಗೆಗೆ ಅದೇ ಇದ್ದದ್ದು. ನಮ್ಮ ಕಡೆ ಅದನ್ನು ಉಷ್ಣ ಅಂದು ಎಳನೀರು ಕುಡಿಸುತ್ತಾರೆ. ಇವರು ವಾಸನೆಗೆ ಹೆದರಿ ದಿನಾ ಎರಡು ಸಲ ಸೋಪು ಹಾಕಿ ಒಳಗೆಲ್ಲ ತೊಳೆಯುತ್ತಿದ್ದರು. ಹುಳಿಯನ್ನು ತೊಳೆದು ತೊಳೆದು ಇನ್ನಷ್ಟು ಕಳೆದುಕೊಳ್ಳುತ್ತಿದ್ದರು. ಪಾಪ, ಯಾರೂ ಹೇಳಿರಲಿಲ್ಲ.

ಈ ಬ್ಯಾಕ್ಟೀರಿಯಾ ಏರುಪೇರಿಗೂ ಎಚ್‌ಪಿವಿಗೂ ನಂಟೇ ಇಲ್ಲ ಅಂತಲ್ಲ. ಲ್ಯಾಕ್ಟೋಬ್ಯಾಸಿಲಸ್ ಕಮ್ಮಿಯಿರುವವರಲ್ಲಿ ವೈರಸ್ ಹೆಚ್ಚು ದಿನ ಉಳಿಯುವುದನ್ನು ಅಧ್ಯಯನಗಳು ಕಂಡಿವೆ. ಆದರೆ ಫ್ಲೋರಾ ಬದಲಾಗಿದೆ ಅನ್ನುವುದು ಕ್ಯಾನ್ಸರ್ ರಿಪೋರ್ಟ್ ಅಲ್ಲ. ಅದಕ್ಕೆ ಡಾಕ್ಟರ್ ಬರೆದುಕೊಡುವ ಮೆಟ್ರೋನಿಡಜೋಲ್‌ನಂಥ ಮಾತ್ರೆ ಸಾಕು. ಜೀವಕೋಶ ಬದಲಾಗಿದೆ ಅಂತ ಬಂದರೆ ಆಗ ಕಾಲ್ಪೋಸ್ಕೋಪಿ, ಅಂದರೆ ಗರ್ಭಕೊರಳನ್ನು ದೊಡ್ಡದಾಗಿ ತೋರಿಸುವ ಉಪಕರಣದಿಂದ ನೋಡುವ ಪರೀಕ್ಷೆ, ಮಾಡಿಸಬೇಕು. ಈ ಎರಡನ್ನು ಬಿಡಿಸಿ ಹೇಳಲು ಐದು ನಿಮಿಷ ಸಾಕು, ಅಲ್ವಾ?

ಮೆಲ್ಬರ್ನ್‌ನಲ್ಲಿ ಎಲ್ಲ ಸರಿಯಿದೆ ಅಂತ ಹೇಳುತ್ತಿಲ್ಲ. ಅಲ್ಲಿ ಸ್ಪೆಷಲಿಸ್ಟ್ ನೋಡಲು ವಾರಗಟ್ಟಲೆ ಕಾಯಬೇಕು. ಮಂಡ್ಯದಲ್ಲಿ ಬೆಳಿಗ್ಗೆ ಚೀಟಿ ಮಾಡಿಸಿದರೆ ಮಧ್ಯಾಹ್ನದೊಳಗೆ ಡಾಕ್ಟರ್ ಸಿಗುತ್ತಾರೆ. ಆಶಾ ಕಾರ್ಯಕರ್ತೆಗೆ ಬೀದಿಯ ಪ್ರತಿ ಮನೆಯೂ ಗೊತ್ತು, ನನ್ನ ಬೀದಿಯಲ್ಲಿ ಅಂಥವರಿಲ್ಲ. ಸರ್ಕಾರದ ಕಾರ್ಯಕ್ರಮದಲ್ಲೂ 30ರಿಂದ 65 ವರ್ಷದವರಿಗೆ 5 ವರ್ಷಕ್ಕೊಮ್ಮೆ ತಪಾಸಣೆ ಇದೆ. ಗರ್ಭಕೊರಳಿಗೆ ಅಸಿಟಿಕ್ ಆಮ್ಲ ಹಚ್ಚಿ, ಬೆಳ್ಳಗಾಗುತ್ತಾ ಅಂತ ಒಂದು ನಿಮಿಷ ನೋಡುತ್ತಾರೆ, ಬೆಳ್ಳಗಾದರೆ ಜೀವಕೋಶ ಬದಲಾಗಿರಬಹುದು ಅಂತ. ಆದರೆ ನಮ್ಮವರು ಹೋಗುವುದು ನೋವು ಬಂದ ಮೇಲೆ, ರಕ್ತ ಕಂಡ ಮೇಲೆ. ಹೋದವರ ಕೈಗೂ ಇಂಗ್ಲಿಷ್ ಕಾಗದ ಕೊಟ್ಟು ಕಳಿಸುತ್ತಾರೆ. ಆ ಕಾಗದದ ಕೆಳಗೆ ಕನ್ನಡದಲ್ಲಿ ಮೂರು ಸಾಲು ಬರೆಯಲಿ: ಇದು ಕ್ಯಾನ್ಸರ್ ಹೌದೋ ಅಲ್ಲವೋ, ಮುಂದೇನು ಮಾಡಬೇಕು, ಮತ್ತೆ ಯಾವಾಗ ಬರಬೇಕು. ಲ್ಯಾಬಿನವರಿಗೂ ಡಾಕ್ಟರಿಗೂ ನಾನು ಕೇಳುವುದು ಇಷ್ಟೇ.

ಅತ್ತಿಗೆ ಬೇರೆ ಡಾಕ್ಟರ್ ಹತ್ತಿರ ಹೋದರು. ಏಳು ದಿನದ ಮಾತ್ರೆ, ಸೋಪು ಬಂದ್. ವಾಸನೆ ನಿಂತಿತು. ಗರ್ಭಕೋಶ ಅದರ ಜಾಗದಲ್ಲೇ ಇದೆ. ಮೊನ್ನೆ ಫೋನ್ ಮಾಡಿ, "ನಮ್ ಸಂಘದ ಇಬ್ರು ಕವರ್ ಹಿಡ್ಕಂಡು ಬಂದವ್ರೆ, ಓದಿ ಹೇಳ್ತೀಯಾ?" ಅಂದರು. ಫೋಟೋ ಕಳಿಸಿ ಅಂದೆ.